ಪುಟ ಕಟ್ಟುವಾಗ ಕಲಿತದ್ದೇನು?

ಅಕ್ಷರ, ಅಚ್ಚು ಮತ್ತು ಪುಟ ವಿನ್ಯಾಸದ ಬಗ್ಗೆ ಓದುಗರು ಕಳುಹಿಸಿದ ಪ್ರಶ್ನೆಗಳಿಗೆ ದಾವಣಗೆರೆಯ ಮಂಡಿಪೇಟೆಯಲ್ಲಿ ಡಿ.ಟಿ.ಪಿ. ಕೇಂದ್ರ ನಡೆಸುತ್ತಿರುವ ನಮ್ಮ ಅಂಕಣಗಾರ್ತಿಯ ಉತ್ತರ

ಪ್ರಶ್ನೆ: ಮೇಡಂ, ನಾನು ಪತ್ರಿಕೋದ್ಯಮವನ್ನು ಐಚ್ಛಿಕ ವಿಷಯವಾಗಿ ಓದುತ್ತಿದ್ದೇನೆ. ಈ ವರ್ಷ ನಾವು ನಾಲ್ವರು ಗೆಳತಿಯರು ಸೇರಿ ವಿದ್ಯಾರ್ಥಿಗಳಿಗಾಗಿ 24 ಪುಟಗಳ ಸಂಗೀತ ಪತ್ರಿಕೆಯೊಂದನ್ನು ತಂದೆವು. ವಿನ್ಯಾಸದ ಹೊಣೆ ನನ್ನದು. ‘ಇದರಿಂದ ಯಾವ ಯಾವ ಕೌಶಲ ಕಲಿತಿರಿ’ ಎಂದು ಈಗ ವರದಿ ಬರೆದುಕೊಡಬೇಕಾಗಿದೆ. ಇನ್‌ಡಿಸೈನ್, ಫೋಟೊಶಾಪ್, ನುಡಿ ಎಂದು ಬರೆದೆ. ಮುಂದೇನು ಬರೆಯುವುದೆಂದು ತೋಚುತ್ತಿಲ್ಲ. ಪತ್ರಿಕೆಯ ಒಂದು ಪ್ರತಿಯನ್ನು ಕಳುಹಿಸಿದ್ದೇನೆ, ನೋಡಿ ಹೇಳುವಿರಾ?
– ಪದವಿ ವಿದ್ಯಾರ್ಥಿನಿ, ದಾವಣಗೆರೆ

ಉತ್ತರ: ತಂಗೀ, ನಿಮ್ಮ ಪತ್ರಿಕೆಯನ್ನು ಮೊದಲು ಸುಮ್ಮನೆ ಓದಿದೆ, ಆಮೇಲೆ ಸ್ಕೇಲು ಹಿಡಿದು ಅಳೆದೆ. ತುಂಬ ಸಂತೋಷವಾಯಿತು. ವರದಿಗೆ ಬೇಕಾದದ್ದೆಲ್ಲ ಈ 24 ಪುಟಗಳಲ್ಲೇ ಇದೆ, ನಿಮ್ಮ ಕಣ್ಣಿಗೆ ಅದು ಕಲಿಕೆ ಎಂದು ಕಂಡಿಲ್ಲ ಅಷ್ಟೆ. ತಂತ್ರಾಂಶಗಳ ಹೆಸರನ್ನು ಒಂದು ಸಾಲಿನಲ್ಲಿ ಮುಗಿಸಿಬಿಡಿ. ನಾನು ಈ ಕಸುಬಿಗೆ ಬಂದ ಕಾಲದಲ್ಲಿ ಊರಿನ ಯಾವ ಪ್ರೆಸ್ಸಿಗೆ ಹೋದರೂ ಪುಟ ಕಟ್ಟಲು ಪೇಜ್‌ಮೇಕರ್ ಎಂಬ ತಂತ್ರಾಂಶ ಇರುತ್ತಿತ್ತು. ಅದರ ಕೀಲಿಗಳನ್ನು ಬಾಯಿಪಾಠ ಮಾಡಿದವರೆಲ್ಲ ಮುಂದೆ ಹೊಸದನ್ನು ಕಲಿಯಬೇಕಾಯಿತು. ಕಾಲಂ ಎಷ್ಟು ಅಗಲ ಇರಬೇಕು, ಫೋಟೊದಲ್ಲಿ ಯಾವುದನ್ನು ಉಳಿಸಬೇಕು ಎಂದು ತೀರ್ಮಾನಿಸಲು ಕಲಿತವರಿಗೆ ಆ ಕಲಿಕೆ ಇವತ್ತಿಗೂ ಕೈಹಿಡಿಯುತ್ತಿದೆ. ಹಾಗಾಗಿ ನೀವು ಎಲ್ಲೆಲ್ಲಿ ತೀರ್ಮಾನ ಮಾಡಿದಿರಿ, ಯಾರಿಗೆ ಅನುಕೂಲವಾಗಲೆಂದು ಮಾಡಿದಿರಿ ಎಂಬುದನ್ನು ಬರೆಯಿರಿ. ನನಗೆ ಕಂಡ ಕೆಲವನ್ನು ಹೇಳುತ್ತೇನೆ.

16ನೇ ಪುಟ ನನಗೆ ಎಲ್ಲಕ್ಕಿಂತ ಹಿಡಿಸಿತು. ಅಲ್ಲಿ ಭೀಮಪಲಾಸಿ ರಾಗದ ಒಂದು ಛೋಟಾ ಖ್ಯಾಲಿನ (ಚುರುಕು ಲಯದ ಹಿಂದುಸ್ತಾನಿ ಹಾಡಿನ) ಸ್ವರಲಿಪಿ ಇದೆ, ತೀನ್‌ತಾಲದಲ್ಲಿ. ಉಳಿದ ಪುಟಗಳಲ್ಲಿ ಎರಡೆರಡು ಕಾಲಂ ಇವೆ, ಇದೊಂದನ್ನು ಮಾತ್ರ ಪುಟದ ಪೂರ್ತಿ ಅಗಲಕ್ಕೆ ಹರಡಿದ್ದೀರಿ. ತೀನ್‌ತಾಲಕ್ಕೆ 16 ಮಾತ್ರೆ, ನಾಲ್ಕು ನಾಲ್ಕರಂತೆ ನಾಲ್ಕು ವಿಭಾಗ. ಎ4 ಹಾಳೆಯ ಅಗಲ 210 ಮಿಲಿಮೀಟರ್. ಎರಡೂ ಬದಿಗೆ 15ರಂತೆ ಅಂಚು ಬಿಟ್ಟರೆ ಒಂದು ಮಾತ್ರೆಗೆ ಸಿಗುವ ಜಾಗ 11 ಮಿಲಿಮೀಟರಿಗಿಂತ ತುಸು ಹೆಚ್ಚು. ಅಷ್ಟರಲ್ಲಿ ಮೇಲೆ ಸ್ವರ, ಕೆಳಗೆ ಸಾಹಿತ್ಯದ ಅಕ್ಷರ ಕೂರಬೇಕು. ಅರ್ಧ ಪುಟದ ಕಾಲಂಗೆ ತುರುಕಿದ್ದರೆ ಒಂದು ಆವರ್ತನ, ಅಂದರೆ ತಾಳದ ಒಂದು ಪೂರ್ತಿ ಸುತ್ತು, ಎರಡು ಸಾಲಿಗೆ ಒಡೆದು, ಹಾಡುವವರು ಸಮ್ (ತಾಳದ ಮೊದಲ ಮಾತ್ರೆ) ಎಲ್ಲಿದೆ ಎಂದು ಹುಡುಕಬೇಕಾಗುತ್ತಿತ್ತು. ಈ ಬಂದಿಶ್, ಅಂದರೆ ಹಾಡು, ಖಾಲಿಯಿಂದ, ಅಂದರೆ ಒಂಬತ್ತನೆಯ ಮಾತ್ರೆಯಿಂದ ಶುರುವಾಗುತ್ತದೆ. ನೀವು ಸಾಲನ್ನೂ ಅಲ್ಲಿಂದಲೇ ಹಿಡಿದು, ಸಮ್ಮಿನ ಗುಣಾಕಾರ ಚಿಹ್ನೆ ಪ್ರತಿ ಸಾಲಿನಲ್ಲೂ ಒಂದೇ ನೇರಕ್ಕೆ, ನಟ್ಟನಡುವೆ ಬರುವಂತೆ ನೋಡಿಕೊಂಡಿದ್ದೀರಿ. ತಂಬೂರಿ ಹಿಡಿದು ಕುಳಿತವರು ಓರೆಗಣ್ಣಿನಲ್ಲಿ ನೋಡಿದರೂ ಸಮ್ ಸಿಗುತ್ತದೆ.

ಆ ಪುಟದ ಒಂದು ಅಕ್ಷರವನ್ನು ಭೂತಗನ್ನಡಿ ಇಟ್ಟು ನೋಡಿದೆ. ಮಂದ್ರದ (ಕೆಳಗಿನ ಸ್ಥಾಯಿಯ) ಕೋಮಲ ನಿಷಾದ, ಅಂದರೆ ತುಸು ಇಳಿಸಿದ ‘ನಿ’. ಹಿಂದುಸ್ತಾನಿ ಸ್ವರಲಿಪಿಯ ಭಾತಖಂಡೆ ಪದ್ಧತಿಯಲ್ಲಿ ಕೋಮಲ ಸ್ವರಕ್ಕೆ ಅಡಿಗೆರೆ, ಮಂದ್ರಕ್ಕೆ ಕೆಳಗೆ ಚುಕ್ಕೆ, ತಾರಕ್ಕೆ (ಮೇಲಿನ ಸ್ಥಾಯಿಗೆ) ಮೇಲೆ ಚುಕ್ಕೆ. ಭೀಮಪಲಾಸಿಯ ಆರೋಹ ಮಂದ್ರದ ಕೋಮಲ ನಿಷಾದದಿಂದಲೇ ಹೊರಡುವುದರಿಂದ ಆ ‘ನಿ’ಗೆ ಗೆರೆಯೂ ಬೇಕು, ಗೆರೆಯ ಕೆಳಗೆ ಚುಕ್ಕೆಯೂ ಬೇಕು. ತಂತ್ರಾಂಶದ ಮಾಮೂಲಿ ಅಡಿಗೆರೆಯನ್ನು ಒತ್ತಿದರೆ ಅದು ಅಕ್ಷರಕ್ಕೆ ಅಂಟಿಕೊಂಡು ಚುಕ್ಕೆಯನ್ನು ನುಂಗಿಹಾಕುತ್ತದೆ. ನೀವು ಗೆರೆಯನ್ನು ತುಸು ಕೆಳಗಿಳಿಸಿ, ಚುಕ್ಕೆಗೆ ಬೇರೆ ಜಾಗ ಮಾಡಿ, ಸಾಹಿತ್ಯದ ಸಾಲನ್ನು ಇನ್ನೂ ಕೆಳಕ್ಕೆ ತಳ್ಳಿದ್ದೀರಿ. ಸ್ಪೇಸ್ ಬಾರ್ ಒತ್ತಿ ಒತ್ತಿ ಜೋಡಿಸುವ ಗೋಜಿಗೆ ಹೋಗದೆ ಟೇಬಲ್ ಹಾಕಿಕೊಂಡಿದ್ದೀರಿ. ಸ್ವರ ಮುಂದುವರಿಯುವಲ್ಲಿ ಅಡ್ಡಗೆರೆ, ಸಾಹಿತ್ಯ ಎಳೆಯುವಲ್ಲಿ ‘ಽ’. ಪಕ್ಕದ ಪುಟದ ಆದಿತಾಳದ ಗೀತೆಗೆ ಕರ್ನಾಟಕ ಸಂಗೀತದ ರೂಢಿಯಂತೆ ‘ರಿ’ ಎಂದು ಬರೆದು, ಇಲ್ಲಿ ಹಿಂದುಸ್ತಾನಿಯವರ ‘ರೆ’ ಉಳಿಸಿ, ಎರಡಕ್ಕೂ ಸಂಕೇತಗಳ ವಿವರಣೆಯನ್ನು ಪುಟದ ಬುಡದಲ್ಲಿ ಕೊಟ್ಟಿದ್ದೀರಿ. ಎರಡೂ ಪದ್ಧತಿಯ ಸಂಗೀತಕ್ಕೆ ಕಿವಿಗೊಡುವ ನಮ್ಮ ಊರಿನಲ್ಲಿ ಆ ವಿವರಣೆ ಬೇಕೇ ಬೇಕು. ಈ ಒಂದು ಪುಟದ ಬಗ್ಗೆಯೇ ನೀವು ವರದಿಯ ಅರ್ಧ ಭಾಗ ಬರೆಯಬಹುದು. ನನ್ನನ್ನು ಕೇಳಿದರೆ ಹಾಗೆಯೇ ಮಾಡಬೇಕು.

ಇನ್ನು 12 ಮತ್ತು 13ನೇ ಪುಟ, ಹಾರ್ಮೋನಿಯಂ ರಿಪೇರಿ ಮಾಡುವ ಹಿರಿಯರ ಸಂದರ್ಶನ. ಕಂಪನಿ ನಾಟಕಗಳ ಊರು ನಮ್ಮದು. ಚಿಂದೋಡಿ ಲೀಲಾ ಅವರ ಕೆ.ಬಿ.ಆರ್. ಡ್ರಾಮಾ ಕಂಪನಿಯನ್ನು ನೆನೆಯುವ ಮನೆಗಳು ಇಲ್ಲಿ ಇವತ್ತಿಗೂ ಇವೆ. ಅಂಥ ಊರಿನಲ್ಲಿ ಕಾಲು ಹಾರ್ಮೋನಿಯಂನ ತಿದಿ ಹೊಲಿಯುವವರನ್ನು ಹುಡುಕಿಕೊಂಡು ಹೋಗಿ ಮಾತಾಡಿಸಿದ ನಿಮ್ಮ ಗೆಳತಿಗೆ ನನ್ನ ಮೆಚ್ಚುಗೆ ತಿಳಿಸಿ. ವಿನ್ಯಾಸದ ಮಾತಿಗೆ ಬಂದರೆ, ಬಿಚ್ಚಿಟ್ಟ ಪೆಟ್ಟಿಗೆ ಮತ್ತು ಹಿತ್ತಾಳೆಯ ರೀಡುಗಳ ಚಿತ್ರವನ್ನು ಎರಡು ಪುಟಕ್ಕೂ ಹಾಸಿದ್ದೀರಿ. ಅದಕ್ಕೆ ನಡುಪುಟವನ್ನೇ ಆರಿಸಿಕೊಂಡದ್ದು ಜಾಣತನ. 24 ಪುಟದ ಪಿನ್ ಹೊಡೆದ ಪತ್ರಿಕೆಯಲ್ಲಿ 12 ಮತ್ತು 13 ಒಂದೇ ಹಾಳೆಯ ಒಂದೇ ಮುಖದಲ್ಲಿ ಅಚ್ಚಾಗುತ್ತವೆ. 8 ಮತ್ತು 9ರಂಥ ಪುಟಗಳು ಬೇರೆ ಬೇರೆ ಹಾಳೆಗೆ ಸೇರಿದವು. ಮಡಚುವಾಗ ಒಂದು ಮಿಲಿಮೀಟರ್ ಸರಿದರೂ ಚಿತ್ರ ಅಲ್ಲಿ ಮುರಿದಂತೆ ಕಾಣುತ್ತದೆ. ಹಿರಿಯರ ಮುಖ ಪಿನ್ನಿಗೆ ಸಿಗದಂತೆ ಎಡಕ್ಕೆ ಸರಿಸಿದ್ದನ್ನೂ ಗಮನಿಸಿದೆ. ಅವರ ನೋಟ ಪುಟದ ಒಳಕ್ಕೆ, ಬರಹದ ಕಡೆಗೆ ಇದೆ. ಆಕಾಶವಾಣಿಯು 1940ರಿಂದ 1971ರವರೆಗೆ ಹಾರ್ಮೋನಿಯಂ ಅನ್ನು ದೂರವಿಟ್ಟಿದ್ದ ಸಂಗತಿಯನ್ನು ಸಂದರ್ಶನದ ನಡುವೆ ತೂರಿಸದೆ ಪುಟದ ಬಲಕ್ಕೆ ಚಿಕ್ಕ ಚೌಕಟ್ಟಿನಲ್ಲಿ ಇಟ್ಟಿದ್ದೀರಿ. ಅಜ್ಜನ ಮಾತು ತುಂಡಾಗಲಿಲ್ಲ, ಓದುಗರಿಗೆ ವಿಷಯವೂ ತಿಳಿಯಿತು.

ಕನ್ನಡದ ಅಕ್ಷರಗಳನ್ನು ಹೇಗೆ ಕೂರಿಸಿದ್ದೀರಿ ಎಂಬುದನ್ನು ಖಂಡಿತ ಬರೆಯಿರಿ. ಸಂಗೀತ ಪತ್ರಿಕೆಯಲ್ಲಿ ‘ಶಾಸ್ತ್ರೀಯ’ ಎಂಬ ಪದ ಪುಟಪುಟಕ್ಕೂ ಬರುತ್ತದೆ. ಅದರ ‘ಸ್ತ್ರೀ’ಯ ಒತ್ತುಗಳು ಕೆಳಗಿನ ಸಾಲಿನ ಗುಡಿಸು, ದೀರ್ಘಗಳಿಗೆ ತಾಗುವುದನ್ನು ನಾನು ಎಷ್ಟೋ ಸ್ಮರಣ ಸಂಚಿಕೆಗಳಲ್ಲಿ ನೋಡಿದ್ದೇನೆ. ಇಂಗ್ಲಿಷ್ ಅಕ್ಷರಕ್ಕೆಂದು ಇಟ್ಟ ಸಾಲಿನ ಅಂತರವನ್ನೇ ಕನ್ನಡಕ್ಕೂ ಬಿಟ್ಟರೆ ಹೀಗಾಗುತ್ತದೆ. ನಿಮ್ಮದು 12 ಪಾಯಿಂಟ್ ಅಕ್ಷರ, ಸಾಲಿನಿಂದ ಸಾಲಿಗೆ 17 ಪಾಯಿಂಟ್ ಇರುವಂತೆ ಕಾಣುತ್ತದೆ. ಚೆನ್ನಾಗಿದೆ. ಮೂರು ಕಾಲಂ ಮಾಡದೆ ಎರಡಕ್ಕೆ ನಿಲ್ಲಿಸಿದ್ದಂತೂ ಇನ್ನೂ ಸರಿ. ನಮ್ಮ ಪದಗಳು ಪ್ರತ್ಯಯ ಸೇರಿಸಿಕೊಂಡು ಉದ್ದವಾಗುತ್ತವೆ. ‘ಹಾಡಿಸಿಕೊಂಡಿದ್ದರಿಂದಲೇ’ ಎಂಬ ಒಂದು ಪದ ಕಿರಿದಾದ ಕಾಲಂಗೆ ಬಂದರೆ ಅದರ ಹಿಂದಿನ ಸಾಲು ಹಲ್ಲು ಬಿದ್ದ ಬಾಯಿಯಂತೆ ಸಂದು ಸಂದಾಗುತ್ತದೆ. ನಿಮ್ಮ ಇನ್‌ಡಿಸೈನಿನಲ್ಲಿ ಒತ್ತಕ್ಷರಗಳು ಸರಿಯಾಗಿ ಮೂಡಿವೆ ಎಂದಮೇಲೆ ಭಾರತೀಯ ಲಿಪಿಗಳನ್ನು ಸರಿಯಾಗಿ ಜೋಡಿಸುವ ವರ್ಲ್ಡ್-ರೆಡಿ ಕಂಪೋಸರ್ ಆಯ್ಕೆ ಮಾಡಿಕೊಂಡಿದ್ದೀರಿ ಎಂದಾಯಿತು. ಅದನ್ನು ಹೇಗೆ ಪತ್ತೆ ಮಾಡಿದಿರಿ ಎಂದು ಬರೆದರೆ ನಿಮ್ಮ ಕಿರಿಯರಿಗೆ ಉಪಕಾರವಾಗುತ್ತದೆ. ನುಡಿಯ ಹಳೆಯ ಅಕ್ಷರಗಳಲ್ಲಿ ಬಂದ ಲೇಖನ, ಮೊಬೈಲಿನಲ್ಲಿ ಯೂನಿಕೋಡ್‌ನಲ್ಲಿ ಬೆರಳಚ್ಚಾದ ಲೇಖನ ಎರಡನ್ನೂ ಒಂದೇ ರೂಪಕ್ಕೆ ತಂದಿದ್ದೀರಲ್ಲ, ಪರಿವರ್ತನೆಯ ನಂತರ ಅರ್ಕಾವತ್ತುಗಳನ್ನು ಮತ್ತೆ ಓದಿ ತಿದ್ದಿದವರು ಯಾರು? ಅವರ ಹೆಸರೂ ವರದಿಯಲ್ಲಿ ಬರಲಿ.

ಹೆಸರುಗಳ ವಿಷಯದಲ್ಲಿ ನೀವು ತೋರಿಸಿದ ಶಿಸ್ತಿಗೆ ನಾನು ಪೂರ್ತಿ ಅಂಕ ಕೊಡುತ್ತೇನೆ. ಗದಗಿನ ವೀರೇಶ್ವರ ಪುಣ್ಯಾಶ್ರಮದ ಲೇಖನದಲ್ಲಿ ಪಂಚಾಕ್ಷರಿ ಗವಾಯಿಗಳು (1892–1944), ಪುಟ್ಟರಾಜ ಗವಾಯಿಗಳು (1914–2010) ಎಂದು ಒಂದೇ ರೂಪವನ್ನು ಕೊನೆಯವರೆಗೂ ಉಳಿಸಿಕೊಂಡಿದ್ದೀರಿ. ಮತ್ತೊಂದು ಪುಟದಲ್ಲಿ ಇನ್ನೊಬ್ಬ ಗಾಯಕ ಪಂಚಾಕ್ಷರಿ ಸ್ವಾಮಿ ಮತ್ತಿಗಟ್ಟಿ ಅವರ ಪ್ರಸ್ತಾಪ ಬರುತ್ತದೆ. ಅಲ್ಲಿ ಪೂರ್ಣ ಹೆಸರನ್ನೇ ಹಾಕಿ ಗೊಂದಲಕ್ಕೆ ಎಡೆಗೊಟ್ಟಿಲ್ಲ. ಮನ್ಸೂರ, ಮನಸೂರ, ಮನ್ಸೂರ್ ಎಂದು ಒಂದೇ ಪುಟದಲ್ಲಿ ಮೂರು ಬಗೆಯಾಗಿ ಅಚ್ಚು ಹಾಕಿ ಹಿರಿಯ ಕಲಾವಿದರಿಗೆ ಅಗೌರವ ತೋರುವ ಸಂಚಿಕೆಗಳ ನಡುವೆ ಇದು ಎದ್ದು ಕಾಣುತ್ತದೆ.

ಒಂದೆರಡು ಕಡೆ ನನ್ನ ಒಪ್ಪಿಗೆ ಇಲ್ಲ. ಮುಖಪುಟದಲ್ಲಿ ಕಪ್ಪು ಹಿನ್ನೆಲೆಯ ಮೇಲೆ ಬಿಳಿ ಅಕ್ಷರಗಳನ್ನು 8 ಪಾಯಿಂಟಿನಲ್ಲಿ ಇಟ್ಟಿದ್ದೀರಿ. ಆ ಕಪ್ಪು ನಾಲ್ಕೂ ಬಣ್ಣ ಸೇರಿ ಆದದ್ದು. ಬಣ್ಣಕ್ಕೊಂದರಂತೆ ಇರುವ ನಾಲ್ಕು ಅಚ್ಚಿನ ಪ್ಲೇಟುಗಳಲ್ಲಿ ಒಂದು ಕೂದಲೆಳೆಯಷ್ಟು ಸರಿದರೂ ‘ಣ’, ‘ಜ’ಗಳ ಸಣ್ಣ ಸುರುಳಿಗಳ ಒಳಗೆ ಮಸಿ ತುಂಬಿಕೊಳ್ಳುತ್ತದೆ, ನಿಮ್ಮ ಪ್ರತಿಯಲ್ಲಿ ತುಂಬಿಕೊಂಡಿದೆ. ಅಷ್ಟು ಚಿಕ್ಕ ಅಕ್ಷರ ಬೇಕೇ ಬೇಕಿದ್ದರೆ ಹಿನ್ನೆಲೆಗೆ ಬರಿಯ ಕಪ್ಪು ಮಸಿಯೊಂದನ್ನೇ ಬಳಸಿ, ಅಕ್ಷರವನ್ನು ದಪ್ಪಗೆ ಮಾಡಿ. ಇನ್ನೊಂದು, 20ನೇ ಪುಟದ ತಬಲಾ ವಾದಕರ ಚಿತ್ರ. ಎಡಗೈಯಲ್ಲಿ ನುಡಿಸುವ ಡಗ್ಗಾ ಕತ್ತರಿಸಿ ಹೋಗಿದೆ. ಮುಖ ದೊಡ್ಡದಾಗಿ ಬರಲಿ ಎಂಬ ಆಸೆಗೆ ಎಡಗೈಯನ್ನೇ ಬಿಟ್ಟಿರಿ. ಸಂಗೀತಗಾರರ ಚಿತ್ರ ಕತ್ತರಿಸುವಾಗ ಕೈ ಎಲ್ಲಿದೆ ಎಂದು ಮೊದಲು ನೋಡಬೇಕು. ಆ ಚಿತ್ರ ಮಸುಕಾಗಿಯೂ ಇದೆ, ವಾಟ್ಸ್‌ಆ್ಯಪ್‌ನಲ್ಲಿ ಬಂದದ್ದಿರಬೇಕು. ಉದ್ದದ ಬದಿಗೆ 1600 ಪಿಕ್ಸೆಲ್ ಇರುವ ಚಿತ್ರ ಅಚ್ಚಿನ 300 ಡಿಪಿಐ (ಅಂಗುಲಕ್ಕೆ 300 ಚುಕ್ಕೆ) ಲೆಕ್ಕದಲ್ಲಿ 13 ಸೆಂಟಿಮೀಟರಿಗೆ ಸ್ವಲ್ಪ ಮೇಲೆ ಬರುತ್ತದೆ, ಅಷ್ಟೆ. ಎ4 ಪುಟದ ಎತ್ತರ ತುಂಬಲು 3508 ಪಿಕ್ಸೆಲ್ ಬೇಕು. ಮುಂದಿನ ಸಲ ‘ಡಾಕ್ಯುಮೆಂಟ್ ಆಗಿ ಕಳುಹಿಸಿ’ ಎಂದು ಕೇಳಿ.

ಜಾಹೀರಾತು ಪುಟಗಳ ಬಗ್ಗೆ ವರದಿಯಲ್ಲಿ ಬರೆಯಲು ಸಂಕೋಚ ಬೇಡ. ಬಟ್ಟೆ ಅಂಗಡಿಯವರು, ಬೆಣ್ಣೆದೋಸೆ ಹೋಟೆಲಿನವರು ವಿಸಿಟಿಂಗ್ ಕಾರ್ಡಿನ ಫೋಟೊ ಕಳುಹಿಸಿ ‘ಇದನ್ನೇ ಹಾಕಿ’ ಎಂದಿರುತ್ತಾರೆ. ನೀವು ಅವನ್ನೆಲ್ಲ ಹೊಸದಾಗಿ ಜೋಡಿಸಿ, ದೂರವಾಣಿ ಸಂಖ್ಯೆ ಓದುವಂತೆ ಮಾಡಿ, ಲೇಖನಗಳ ನಡುವೆ ಹರಡದೆ ಕೊನೆಯ ಪುಟಗಳಲ್ಲಿ ಒಟ್ಟಿಗೆ ಇಟ್ಟಿದ್ದೀರಿ. ದುಡ್ಡು ಕೊಟ್ಟವರಿಗೂ ಓದುಗರಿಗೂ ಒಟ್ಟಿಗೆ ನ್ಯಾಯ ಒದಗಿಸುವುದು ಸುಲಭದ ಕೆಲಸವಲ್ಲ.

ಬರೆಯುವ ಬಗೆ ಹೀಗಿರಲಿ: ‘ಸ್ವರಲಿಪಿಯ ಪುಟವನ್ನು ಎರಡು ಕಾಲಂನಲ್ಲಿ ಹಾಕಿ ನೋಡಿದೆವು. ಸಂಗೀತ ಕಲಿಯುವ ಗೆಳತಿ ಅದನ್ನು ನೋಡಿ ಹಾಡಲಾಗಲಿಲ್ಲ. ಪೂರ್ತಿ ಅಗಲಕ್ಕೆ ಬದಲಿಸಿದ ಮೇಲೆ ಹಾಡಿದಳು.’ ನಿಮ್ಮಲ್ಲಿ ನಡೆದದ್ದು ಬೇರೆಯಾಗಿದ್ದರೆ ನಡೆದದ್ದನ್ನೇ ಬರೆಯಿರಿ. ಪುಟವನ್ನು ಯಾರ ಕೈಗೆ ಕೊಟ್ಟು ನೋಡಿದಿರಿ, ಆಮೇಲೆ ಏನು ಬದಲಿಸಿದಿರಿ ಎಂಬುದು ಬಂದರೆ ಸಾಕು. ಹಳೆಯ ಕರಡು ಪುಟಗಳನ್ನು ಅಳಿಸಿಲ್ಲ ತಾನೇ? ಅವುಗಳ ಪ್ರಿಂಟ್ ತೆಗೆದು ವರದಿಯ ಜೊತೆಗೆ ಲಗತ್ತಿಸಿ.

ಪ್ರಶ್ನೆ: ನಮ್ಮ ಕಾಲೇಜಿನ ಸಂಗೀತ ವಿಶೇಷಾಂಕಕ್ಕೆ ನಮ್ಮ ಹಟ್ಟಿಯ ಅಜ್ಜಿಯರಿಂದ ಹಾಡುಗಳನ್ನು ರೆಕಾರ್ಡ್ ಮಾಡಿಕೊಂಡು ಬಂದಿದ್ದೇನೆ. ಅವರ ಮಾತನ್ನು ಗ್ರಾಂಥಿಕ ಕನ್ನಡಕ್ಕೆ ತಿದ್ದಿ ಹಾಕಬೇಕೆಂದು ಕೆಲವರು ಹೇಳುತ್ತಾರೆ. ಸೊಲ್ಲುಗಳು ಮತ್ತೆ ಮತ್ತೆ ಬರುವುದರಿಂದ ಪುಟವೂ ಸಾಲುತ್ತಿಲ್ಲ. ಏನು ಮಾಡಲಿ?
– ವಿದ್ಯಾರ್ಥಿ, ಚಳ್ಳಕೆರೆ ತಾಲ್ಲೂಕು, ಚಿತ್ರದುರ್ಗ ಜಿಲ್ಲೆ

ಉತ್ತರ: ತಿದ್ದಬೇಡಪ್ಪಾ. ಒಂದು ಅಕ್ಷರವನ್ನೂ ತಿದ್ದಬೇಡ. ಹಾಡಿನ ಲಯ ಆ ಮಾತಿನ ಉಚ್ಚಾರದಲ್ಲೇ ಇದೆ. ‘ಐತೆ’ಯನ್ನು ‘ಇದೆ’ ಮಾಡಿದರೆ ತಾಳಕ್ಕೆ ಒಂದು ಮಾತ್ರೆ ಕಡಿಮೆಯಾಗುತ್ತದೆ. ಹೊರಗಿನವರಿಗೆ ತಿಳಿಯದ ಪದಗಳಿಗೆ ಪುಟದ ಬುಡದಲ್ಲಿ ಅರ್ಥ ಕೊಡು.

ಸೊಲ್ಲನ್ನು ಮೊದಲ ಸಲ ಪೂರ್ತಿ ಹಾಕಿ, ಮುಂದೆ ಅದರ ಮೊದಲ ಪದವನ್ನಷ್ಟೇ ಓರೆ ಅಕ್ಷರದಲ್ಲಿ ಬಲಕ್ಕೆ ಸರಿಸಿ ಇಡಬಹುದು. ಎಷ್ಟೋ ಜಾಗ ಉಳಿಯುತ್ತದೆ, ಹಾಡುವವರಿಗೂ ಗೊತ್ತಾಗುತ್ತದೆ. ಸಾಲನ್ನು ಕಾಲಂನ ಅಗಲ ನೋಡಿಕೊಂಡು ಒಡೆಯಬೇಡ. ರೆಕಾರ್ಡ್ ಕೇಳುತ್ತಾ ಅಜ್ಜಿ ಉಸಿರು ತೆಗೆದುಕೊಳ್ಳುವಲ್ಲಿ ಸಾಲು ಮುಗಿಸು. ಉದ್ದ ಸಾಲು ಅನಿವಾರ್ಯವಾಗಿ ಒಡೆದರೆ ಮುಂದುವರಿದ ಭಾಗವನ್ನು ಒಳಕ್ಕೆ ಸರಿಸಿ ಕೂರಿಸು. ಧ್ವನಿಯನ್ನೂ ಕೇಳಿಸುವ ಆಸೆ ಇದ್ದರೆ ಕ್ಯೂಆರ್ ಕೋಡ್ ಹಾಕು. 2 ಸೆಂಟಿಮೀಟರಿಗಿಂತ ಚಿಕ್ಕದು ಬೇಡ, ಸುತ್ತ ಬಿಳಿ ಜಾಗ ಬಿಡು. ಅದಕ್ಕೆ ಮೊದಲು ಅಜ್ಜಿಯ ಒಪ್ಪಿಗೆ ಕೇಳು. ಯಾರು ಬೇಕಾದರೂ ಕೇಳಿಸಿಕೊಳ್ಳಬಹುದು ಎಂದು ಅವರಿಗೆ ತಿಳಿಯುವಂತೆ ಹೇಳು.

ಹಾಡಿದವರ ಹೆಸರು ಮತ್ತು ಹಟ್ಟಿಯ ಹೆಸರನ್ನು ಶೀರ್ಷಿಕೆಯ ಕೆಳಗೆ ಹಾಕು, ಸಂಗ್ರಹಿಸಿದ ನಿನ್ನ ಹೆಸರಿಗಿಂತ ಮೇಲೆ, ಅದಕ್ಕಿಂತ ದೊಡ್ಡ ಅಕ್ಷರದಲ್ಲಿ. ನಿಮ್ಮದೇ ತಾಲ್ಲೂಕಿನ ಯಲಗಟ್ಟೆ ಗೊಲ್ಲರಹಟ್ಟಿಯ ಜನಪದ ಹಾಡುಗಾರ್ತಿ ಸಿರಿಯಜ್ಜಿಯ ಹೆಸರು ಇವತ್ತು ಜಾನಪದ ಓದುವವರಿಗೆಲ್ಲ ಗೊತ್ತಿದೆ. ಹಾಡಿನ ಜೊತೆ ಹಾಡಿದವರ ಹೆಸರನ್ನೂ ಊರನ್ನೂ ಬರೆದಿಟ್ಟವರು ಇದ್ದುದರಿಂದ ಅದು ಸಾಧ್ಯವಾಯಿತು. ‘ಜನಪದ ಹಾಡು’ ಎಂದಷ್ಟೇ ಹಾಕಿ ಹಾಡಿದವರನ್ನು ಮರೆಸುವ ಪುಟಗಳನ್ನು ನೋಡಿದರೆ ನನಗೆ ಸಂಕಟವಾಗುತ್ತದೆ.

ಪ್ರಶ್ನೆ: ನಮ್ಮ ಪತ್ರಿಕೆ 22 ಪುಟಕ್ಕೆ ಮುಗಿಯಿತು. 20 ಮಾಡಿ, ಇಲ್ಲವೇ 24 ಮಾಡಿ ಎಂದು ಪ್ರೆಸ್ಸಿನವರು ಹೇಳುತ್ತಿದ್ದಾರೆ. ಏಕೆ?
– ವಿದ್ಯಾರ್ಥಿ ಸಂಪಾದಕರು, ಚಿತ್ರದುರ್ಗ

ಉತ್ತರ: ನಡುವೆ ಪಿನ್ ಹೊಡೆಯುವ ಪತ್ರಿಕೆಯಲ್ಲಿ ಮಡಚಿದ ಒಂದು ಹಾಳೆಗೆ ನಾಲ್ಕು ಪುಟ. ಆದ್ದರಿಂದ ಒಟ್ಟು ಪುಟ ನಾಲ್ಕರ ಮಗ್ಗಿಯಲ್ಲೇ ಇರಬೇಕು. 20ಕ್ಕೆ ಇಳಿಸಿ. ಎರಡು ಪುಟ ತುಂಬಿಸಲು ಹೊಸದಾಗಿ ಬರೆಸಿದ್ದು ಸಾಮಾನ್ಯವಾಗಿ ಸಪ್ಪೆಯಾಗಿರುತ್ತದೆ. ಚಿತ್ರಗಳು ಅಂಚಿನವರೆಗೆ ಹೋಗುವಲ್ಲಿ ಕತ್ತರಿಸುವುದಕ್ಕಾಗಿ ಹೊರಗೆ 3 ಮಿಲಿಮೀಟರ್ ಹೆಚ್ಚು ಬಿಡುವುದನ್ನು ಮರೆಯಬೇಡಿ.

ಪ್ರಶ್ನೆ: ಅಕ್ಕಾ, ನನ್ನ ಮಗಳು ಕಾಲೇಜಿನ ಸಂಗೀತ ಪತ್ರಿಕೆಯ ಪುಟ ಮಾಡುತ್ತೇನೆಂದು ರಾತ್ರಿ ಹನ್ನೊಂದಾದರೂ ಕಂಪ್ಯೂಟರ್ ಬಿಟ್ಟು ಏಳುವುದಿಲ್ಲ. ಈ ವಿದ್ಯೆ ಅವಳಿಗೆ ಅನ್ನ ಕೊಡುತ್ತದೆಯೇ?
– ಒಬ್ಬ ತಂದೆ, ಹರಿಹರ

ಉತ್ತರ: ಅಣ್ಣಾ, ಸಂಗೀತ ಪತ್ರಿಕೆಯೊಂದರಿಂದಲೇ ಸಂಸಾರ ನಡೆಯುತ್ತದೆ ಎಂದು ನಾನು ಹೇಳಲಾರೆ. ಪುಟ ಕಟ್ಟುವ ವಿದ್ಯೆಯಿಂದ ನಡೆಯುತ್ತದೆ, ನನ್ನದು ನಡೆದಿದೆ. ಲಗ್ನಪತ್ರಿಕೆ, ಕರಪತ್ರ, ಶಾಲೆಯ ವಾರ್ಷಿಕ ವರದಿ, ಸಹಕಾರ ಸಂಘದ ಆಯವ್ಯಯ, ಪುಸ್ತಕ ಎಲ್ಲದಕ್ಕೂ ಈ ಕಣ್ಣು ಬೇಕು. ಬೆರಳಚ್ಚು ಮಾಡಿಕೊಡುವವರು ಬೇಕಾದಷ್ಟು ಜನ ಸಿಗುತ್ತಾರೆ. ಕೊಟ್ಟ ಬರಹವನ್ನು ಓದಿ, ಅರ್ಥ ಮಾಡಿಕೊಂಡು, ತಪ್ಪು ಹಿಡಿದು, ಹೇಳಿದ ದಿನಕ್ಕೆ ಮುಗಿಸಿಕೊಡುವವರಿಗಾಗಿ ನಾನೇ ಎಷ್ಟೋ ಸಲ ಪರದಾಡಿದ್ದೇನೆ. ಅವಳಿಗೆ ಶಾಸ್ತ್ರೋಕ್ತವಾಗಿ ಕಲಿಯುವ ಮನಸ್ಸಿದ್ದರೆ 1964ರಲ್ಲಿ ಆರಂಭವಾದ, ಈಗ ದಾವಣಗೆರೆ ವಿಶ್ವವಿದ್ಯಾಲಯಕ್ಕೆ ಸೇರಿರುವ ದೃಶ್ಯಕಲಾ ಮಹಾವಿದ್ಯಾಲಯ ನಿಮಗೆ ಬಸ್ಸಿನ ದೂರದಲ್ಲೇ ಇದೆ. ಒಮ್ಮೆ ಕರೆದುಕೊಂಡು ಹೋಗಿ ತೋರಿಸಿ.

ರಾತ್ರಿ ಹನ್ನೊಂದರ ವಿಷಯ. ಪುಟ ತಡವಾಗುವುದು ಹೆಚ್ಚಾಗಿ ಬರಹ ತಡವಾಗಿ ಕೈಸೇರುವುದರಿಂದ. ಬರೆಯುವವರಿಗೆ ಒಂದು ವಾರ ಮೊದಲಿನ ದಿನಾಂಕ ಕೊಡಲು ಅವಳಿಗೆ ಹೇಳಿ. ನೀವೂ ಒಂದು ಕೆಲಸ ಮಾಡಬಹುದು: ಅವಳು ಮುಗಿಸಿದ ಪುಟದ ಪ್ರಿಂಟ್ ತರಿಸಿಕೊಂಡು ಕೆಂಪು ಪೆನ್ನು ಹಿಡಿದು ಓದಿ. ಹೆಸರು, ದಿನಾಂಕ, ಚಿತ್ರದ ಕೆಳಗಿನ ಸಾಲು ಈ ಮೂರನ್ನು ನಿಧಾನವಾಗಿ ನೋಡಿ ಗುರುತು ಹಾಕಿಕೊಡಿ. ಪುಟ ಮಾಡಿದವರ ಕಣ್ಣಿಗೆ ಅಲ್ಲಿನ ತಪ್ಪು ಕಾಣುವುದಿಲ್ಲ.